ಶಾಂತವ್ವ ಬರೆದ ಸೀಮಂತದ ಕಥೆ

ಇಂಥದ್ದು ಎಲ್ಲೂ ನಡೆಯಲು ಸಾಧ್ಯವಿಲ್ಲ ಎಂದವಳು ನಾನೇ. ಅದು 2012. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದೆ. ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳುವ ಹುದ್ದೆ. ನಮ್ಮ ವಂಶದಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ. ನಾನು ಹಗಲು ಬಟ್ಟೆ ಹೊಲಿದು, ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವಳು. ಕಾಯ್ದೆ ಕಾನೂನು ಓದಿದ್ದೇನೆ, ನನಗೆ ಗೊತ್ತಿಲ್ಲದ್ದು ಆ ಶೆಡ್ಡಿನಲ್ಲಿ ಏನೂ ಇಲ್ಲ ಎಂಬ ಹೆಮ್ಮೆ ಇತ್ತು.

ಬಸುರಿ ಕೆಲಸಗಾರ್ತಿಯರಿಗೆ ಕಾರ್ಖಾನೆಯಲ್ಲೇ ಸೀಮಂತ ಮಾಡುವುದನ್ನು ಶುರು ಮಾಡಿದ್ದೂ ನಾನೇ. ತವರು ದೂರವಿದ್ದ ಹೆಣ್ಣುಮಕ್ಕಳು. ಊಟದ ಬಿಡುವಿನಲ್ಲಿ ಮಣೆ ಹಾಕಿ ಕೂರಿಸಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಆರತಿ ಎತ್ತುತ್ತಿದ್ದೆ. ಫೋಟೋ ನೋಟಿಸ್ ಬೋರ್ಡಿಗೆ ಹೋಗುತ್ತಿತ್ತು.

ಆ ರಾಜ್ಯೋತ್ಸವಕ್ಕೆ ‘ನಾಳೆಯ ಕಾರ್ಖಾನೆ’ ಎಂಬ ವಿಷಯ ಕೊಟ್ಟು ಕಥಾಸ್ಪರ್ಧೆ ಇಟ್ಟೆ. ಬಾಗಲಕೋಟೆ ಕಡೆಯ ಶಾಂತವ್ವ ಎಂಟು ಪುಟ ಬರೆದುಕೊಟ್ಟಳು. ಆಕೆ ಚೆಕರ್, ಹೊಲಿದ ಬಟ್ಟೆಯಲ್ಲಿ ತಪ್ಪು ಹುಡುಕುವ, ಇಡೀ ದಿನ ನಿಂತೇ ಮಾಡುವ ಕೆಲಸ. ಕೇಡುಗಾಲವನ್ನು ಕಲ್ಪಿಸುವ ಬರಹಕ್ಕೆ ಡಿಸ್ಟೋಪಿಯನ್ ಕಥೆ ಎನ್ನುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಮುಂದಿನ ಅವಳ ಕಾರ್ಖಾನೆಯಲ್ಲಿ ಸೀಮಂತವೇ ಶಿಕ್ಷೆ. ಆರತಿ ಎತ್ತುವವಳು ಅಲ್ಲೂ ಒಬ್ಬ ಮೇಡಂ. ಹಸಿರು ಬಳೆ ತೊಟ್ಟ ಕೈಗೆ ಮರುದಿನ ಗೇಟು ತೆರೆಯುವುದಿಲ್ಲ. ಸೋಬಾನೆ ಹಾಡು ಮೈಕಿನಲ್ಲಿ ಬಂದರೆ ಸಾಕು, ಹೆಂಗಸರು ಹೊಟ್ಟೆ ಮುಚ್ಚಿಕೊಂಡು ಮಿಷನ್ನಿನ ಹಿಂದೆ ಬಾಗುತ್ತಾರೆ.

ನನಗೆ ಮೈ ಉರಿಯಿತು. ಕರೆಸಿದೆ.

“ಮಡಿಲು ತುಂಬೋದನ್ನ ಹಿಂಗೆ ಕೆಡಿಸಿ ಬರೀತಾರೇನಮ್ಮಾ? ಎಲ್ಲಾದ್ರೂ ನಡೆಯುತ್ತಾ ಇದು?”

“ಕಥಿ ಅದ ರೀ ಮೇಡಂ,” ಎಂದು ತಲೆ ತಗ್ಗಿಸಿದಳು. “ತಪ್ಪಾಗಿದ್ರ ಹರದು ಒಗೀರಿ.”

ಅಲ್ಲೇ ಇದ್ದ ಸೂಪರ್‌ವೈಸರ್ ಮಂಜುನಾಥ ನಕ್ಕ. “ಏನಕ್ಕಾ, ಆರತಿ ಎತ್ತೋ ಮೇಡಂನೇ ವಿಲನ್ ಮಾಡ್ಬಿಟ್ಟಿದ್ದೀಯಲ್ಲ. ಸಿನಿಮಾ ತೆಗೆಯೋಣ ಬಿಡು.”

ನಾನೂ ನಕ್ಕೆ. ‘ಸಂಪ್ರದಾಯಕ್ಕೆ ಅಪಚಾರ’ ಎಂದು ಷರಾ ಬರೆದು ಕಥೆಯನ್ನು ಸ್ಪರ್ಧೆಯಿಂದ ಕೈಬಿಟ್ಟೆ.

ಜನವರಿಯಲ್ಲಿ ಶಾಂತವ್ವ ಟೇಬಲ್ಲಿನ ಪಕ್ಕದಲ್ಲೇ ಕುಸಿದಳು. ಸೀರೆಯೊಳಗೆ ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು. ಆರು ತಿಂಗಳು. ಹೇಳಿದ್ದರೆ ಕೂತು ಮಾಡುವ ಕೆಲಸಕ್ಕೆ ಹಾಕಿಸುವುದು ನನ್ನ ಒಂದು ಸಹಿಯ ಮಾತಾಗಿತ್ತು. ಆಸ್ಪತ್ರೆಯಲ್ಲಿ ಮಗು ಉಳಿಯಲಿಲ್ಲ.

ಮರುದಿನ ಅವಳ ಕಥೆ ನೆನಪಾಗಿ, ಸೀಮಂತವಾದವರ ಫೈಲು ತೆಗೆಸಿದೆ. ನಾನು ಸೀಮಂತ ಮಾಡಿದ್ದು ಒಂಬತ್ತು ಜನರಿಗೆ. ಹೆರಿಗೆ ರಜೆಯಲ್ಲಿದ್ದಾರೆ ಎಂದುಕೊಂಡಿದ್ದೆನೇ ಹೊರತು ಯಾರನ್ನೂ ವಿಚಾರಿಸಿರಲಿಲ್ಲ. ಒಂಬತ್ತೂ ಜನರದು ಸೀಮಂತವಾದ ವಾರದೊಳಗೆ ‘ಸ್ವಇಚ್ಛೆಯ ರಾಜೀನಾಮೆ’. ಒಂದೇ ಕೈಬರಹ, ಮಂಜುನಾಥನದು. ಕೆಳಗೆ ಅವರವರ ಸಹಿ. ನನ್ನ ಸೀಮಂತದ ಪಟ್ಟಿಯೇ, ಹೆರಿಗೆ ರಜೆ ಕೊಡುವುದನ್ನು ತಪ್ಪಿಸಲು ಅವರನ್ನು ಹೊರಗೆ ಕಳಿಸುವ ಪಟ್ಟಿಯಾಗಿತ್ತು.

ವರದಿ ಬರೆದೆ. ಮಂಜುನಾಥನನ್ನು ಬೇರೆ ಯೂನಿಟ್ಟಿಗೆ ಹಾಕಿದರು, ಅಷ್ಟೆ. ದೂರು ಕೊಡಲು ಹೆದರುವವರು ಕಥೆ ಬರೆಯುತ್ತಾರೆ, ಅದನ್ನು ದೂರಿನಂತೆಯೇ ಓದಬೇಕು ಎಂಬುದು ನಾನು ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ. ಶಾಂತವ್ವ ಸಂಪ್ರದಾಯವನ್ನು ಕೆಡಿಸಿ ಬರೆದಳೆಂದು ಸಿಟ್ಟಾದ ನಾನು, ಅದು ನನ್ನ ಕೈಯಲ್ಲೇ ಕೆಟ್ಟಿದ್ದನ್ನು ನೋಡಿರಲಿಲ್ಲ.

ಆ ಕಥೆಗೆ ಮೊದಲ ಬಹುಮಾನದ ಸರ್ಟಿಫಿಕೇಟು ಬರೆಸಿಕೊಂಡು ಲಗ್ಗೆರೆಯ ಅವಳ ಬಾಡಿಗೆ ಕೋಣೆಗೆ ಹೋದೆ. ಶಾಂತವ್ವ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಎದ್ದೇಳಲಿಲ್ಲ. ಊರಿಂದ ಬಂದಿದ್ದ ಅವಳ ತಾಯಿ ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಏನೆಂದು ಕೇಳಿದರು. ಹೇಳಿದೆ.

“ಅವಾಗ ಕೊಟ್ಟಿದ್ರ,” ಎಂದರು, “ಆಕಿ ನಿಮ್ಮ ಮುಂದ ಹೇಳ್ತಿದ್ಲು ರೀ ಅಕ್ಕಾರ, ಬಸರಾಗೀನಿ ಅಂತ.”