ಒಂದು ಕಡೆ ಸವೆದ ಟೈರು

ಸೈಕಲ್ ಅಂಗಡಿಯ ಟೈರಕ್ಕನ ಎದುರು ಸ್ಕ್ರೂಡ್ರೈವರ್ ಹಿಡಿದು ಟೈರು ಮೀಟಲು ಹೋದವರು ಬೈಸಿಕೊಳ್ಳದೆ ಮನೆಗೆ ಹೋದದ್ದಿಲ್ಲ. ಅವಳದ್ದು ಬರಿಗೈ ಕೆಲಸ. ಗಾಳಿ ಪೂರ್ತಿ ಬಿಟ್ಟು, ಟೈರಿನ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ, ಸಡಿಲವಾದ ಕಡೆ ಹೆಬ್ಬೆರಳು ಕೊಟ್ಟು ಎತ್ತಿದಳೆಂದರೆ, ಮಗುವಿನ ಅಂಗಿ ಬಿಚ್ಚಿದ ಹಾಗೆ ಸಲೀಸಾಗಿ ಈಚೆ ಬರುತ್ತಿತ್ತು.

ಈ ಹಟದ ಹಿಂದೆ ಇದ್ದವನು ಅವಳ ತಮ್ಮ. ಅಪ್ಪ ಹೋದಮೇಲೆ ಅಂಗಡಿ ಇಬ್ಬರದೂ ಆಯಿತು. ಅವನಿಗೋ ಎಲ್ಲದರಲ್ಲೂ ಅವಸರ. ಒಮ್ಮೆ ಗಿರಾಕಿಯ ಹೊಸ ಟೈರನ್ನೇ ಸ್ಕ್ರೂಡ್ರೈವರಿನಿಂದ ಮೀಟಿ ಅಂಚು ಹರಿದುಹಾಕಿದ. ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಬೀದಿಯ ಜನರೆಲ್ಲ ನೋಡುತ್ತಿದ್ದಂತೆ ಕೆನ್ನೆಗೆ ಬಾರಿಸಿಬಿಟ್ಟಳು. ಮೀಸೆ ಬಂದ ಗಂಡಸಿಗೆ! ಅವನು ತನ್ನ ಸೈಕಲ್ ಹತ್ತಿದ. ಹೋದವನು ಹೋದ.

ಆ ಮಳೆಗಾಲ ಹೊಳೆಯಲ್ಲಿ ಒಂದು ಹೆಣ ಸಿಕ್ಕಿತು. ಗುರುತು ಹಿಡಿಯಲು ಹೋದವಳಿಗೆ ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಮುಖವೆಂಬುದು ಉಳಿದಿದ್ದರೆ ತಾನೇ? ಅಂದಿನಿಂದ ತಮ್ಮನ ದೆವ್ವ ಅಂಗಡಿ ಬಿಟ್ಟು ಕದಲಲಿಲ್ಲ. ಬೆನ್ನ ಹಿಂದೆ ಯಾರೋ ಪಂಪು ಒತ್ತಿದಂತಾಗುತ್ತಿತ್ತು. ತಿರುಗಿದರೆ ಪಂಪು ಗೋಡೆಗೊರಗಿ ಸುಮ್ಮನಿರುತ್ತಿತ್ತು. ಊಟಕ್ಕೆ ಕೂತರೆ ಹೊಡೆದ ಕೈಯನ್ನು ಬಾಯಿಗೆ ಒಯ್ಯಲು ಹೇಸಿಗೆ. ಅವನನ್ನು ಕೊಂದವಳು ನಾನೇ ಎಂದುಕೊಳ್ಳುತ್ತಲೇ ಅವಳ ತಲೆ ನರೆಯಿತು.

ಮೊನ್ನೆ ಒಬ್ಬಳು ಹೆಂಗಸು ಸೈಕಲ್ ತಳ್ಳಿಕೊಂಡು ಬಂದಳು. “ಹಿಂದಿನ ಚಕ್ರ ಪಂಕ್ಚರ್ ಅಕ್ಕಾ. ನಮ್ಮನೆಯವರದ್ದು.”

ಟೈರಕ್ಕ ಎಂದಿನಂತೆ ಟೈರು ಬಿಚ್ಚಿ, ಬೆಳಕಿಗೆ ಹಿಡಿದು ತಿರುಗಿಸಿದಳು. ಬಲಗಡೆಯ ಗೆರೆಗಳು ಇನ್ನೂ ಗಟ್ಟಿಯಾಗಿದ್ದವು. ಎಡಗಡೆ ಮಾತ್ರ ಅಲ್ಲಲ್ಲಿ ಓರೆಯಾಗಿ ಸವೆದು, ಒಳಗಿನ ನೂಲು ಇಣುಕುತ್ತಿತ್ತು. ಹಿಂದಿನ ಬ್ರೇಕು ಒಂದನ್ನೇ ಬಿಗಿಯಾಗಿ ಹಿಡಿದು, ಸೈಕಲ್ಲನ್ನು ಎಡಕ್ಕೆ ವಾಲಿಸಿ ಜರ್ರನೆ ಜಾರಿಸಿ ನಿಲ್ಲಿಸುವವನು ಅವಳ ಆಯುಷ್ಯದಲ್ಲಿ ಒಬ್ಬನೇ ಇದ್ದ. ಅವನ ಟೈರುಗಳನ್ನು ಬದಲಾಯಿಸಿ ಬದಲಾಯಿಸಿ ಸುಸ್ತಾದವಳು ಅವಳೇ.

“ಇನ್ನೊಂದು ತಿಂಗಳು ಬರಲ್ವಾ?” ಎಂದಳು ಹೆಂಗಸು.

“ನೂಲು ಕಾಣ್ತಿದೆ. ಹೊಸದೇ ಹಾಕ್ಬೇಕು.” ಟೈರು ಕೆಳಗಿಟ್ಟಳು. “ಈ ಊರಿಗೆ ಹೊಸಬರಾ?”

“ಅಯ್ಯೋ ಇಲ್ಲ! ಸೇತುವೆ ಆಚೆ ಮನೆ ಮಾಡಿ ಮೂರು ವರ್ಷ ಆಯ್ತು. ಈ ಬೀದಿ ಕಡೆ ಮಾತ್ರ ಕಾಲಿಡಬೇಡ ಅಂತಾರೆ ಇವರು. ಏನು ಸಿಟ್ಟೋ! ಇವತ್ತು ಆ ಕಡೆ ಅಂಗಡಿ ಮುಚ್ಚಿತ್ತು, ಬಂದೆ.”

“ಅವರ ಕಡೆಯವರು ಯಾರಿದ್ದಾರಮ್ಮ?”

“ಯಾರೂ ಇಲ್ಲ. ಒಬ್ಬ ಅಕ್ಕ ಇದ್ದರಂತೆ, ತೀರಿಕೊಂಡರಂತೆ. ಅವರ ಮಾತೆತ್ತಿದ್ರೆ ಊಟ ಬಿಟ್ಟು ಎದ್ದುಬಿಡ್ತಾರೆ.”

ಟೈರಕ್ಕ ಸವೆದ ಟೈರನ್ನು ಮತ್ತೆ ಎತ್ತಿಕೊಂಡಳು. ಬದುಕಿದ್ದಾನೆ! ಕೂಗಿ ಅಳಬೇಕೆನಿಸಿತು. ಅದರ ಹಿಂದೆಯೇ ಸಿಟ್ಟು ಬಂತು. ಪಾಪಿ, ಸೇತುವೆಯಾಚೆಯೇ ಸಂಸಾರ ಮಾಡಿಕೊಂಡು, ನನ್ನನ್ನು ಮಣ್ಣು ಮಾಡಿ ಕೂತಿದ್ದಾನೆ. ಇಷ್ಟು ವರ್ಷ ನಾನು ಹೆದರಿದ್ದು ಯಾರಿಗೆ?

ಹೊಸ ಟೈರು ತಂದಳು. ಕೂರಿಸುವಾಗಲೂ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಅಂಚು ಎಲ್ಲ ಕಡೆ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ, ಗಾಳಿ ತುಂಬಿದಳು.

“ಯಾರ ಹತ್ರ ಹಾಕಿಸಿದೆ ಅಂತ ರೇಗ್ತಾರೆ ಅಕ್ಕಾ,” ಎಂದಳು ಹೆಂಗಸು. “ಏನು ಹೇಳ್ಲಿ?”

“ತೀರಿಕೊಂಡ ಅಕ್ಕ ಹಾಕಿಕೊಟ್ಟಳು ಅಂತ ಹೇಳಮ್ಮ,” ಎಂದಳು ಟೈರಕ್ಕ. “ಧೈರ್ಯ ಇದ್ರೆ ಬಂದು ನೋಡ್ಲಿ.”