ಗೋಡೆಯಾಚೆಯ ಹತ್ತನೆಯ ತರಗತಿ

ಗುರುವಾಯನಕೆರೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಬಿಸಿಯೂಟದ ಅಡುಗೆಯವಳು. ಓದಿದ್ದು ಎಂಟನೆಯವರೆಗೆ. ಅಡುಗೆಕೋಣೆಗೂ ಹತ್ತನೆಯ ತರಗತಿಗೂ ನಡುವೆ ಒಂದೇ ಗೋಡೆ. ಅನ್ನ ಕುದಿಯುವ ಹೊತ್ತಿಗೆ ಆಚೆಯಿಂದ ಪಾಠ ತೇಲಿ ಬರುತ್ತಿತ್ತು. ಸೌತೆಕಾಯಿ ಹೆಚ್ಚುತ್ತಾ ನದಿಗಳ ಹೆಸರು ಹೇಳಿಕೊಳ್ಳುತ್ತಿದ್ದೆ. ಹಬೆಯೊಳಗೆ ನಾನು ಕಂಡೇ ಇರದ ನದಿಗಳು ಮೆಲ್ಲಗೆ ಹರಿಯುತ್ತಿದ್ದವು.

ಒಂದು ದಿನ ಸಮಾಜ ವಿಜ್ಞಾನದ ಟೀಚರ್ ಸಾಂಬಾರಿನ ರುಚಿ ನೋಡಲು ಬಂದರು. ಬಾಯಿ ತಪ್ಪಿ ಹೇಳಿಬಿಟ್ಟೆ:

"ಟೀಚರ್, ಇವತ್ತು ನೀವು ಬ್ರಹ್ಮಪುತ್ರ ಬಿಟ್ರಿ."

ಅವರ ಚಮಚ ಅಲ್ಲೇ ನಿಂತಿತು. "ಪಾಠ ಕೇಳ್ತಾ ಇರ್ತೀರಾ ಅಕ್ಕ?"

"ಕಿವಿ ಉಂಟಲ್ಲ ಟೀಚರ್."

ಅವರು ನಕ್ಕರು. "ಹಾಗಾದ್ರೆ ಹತ್ತನೆಯ ಪರೀಕ್ಷೆ ಕಟ್ಟುವ. ಖಾಸಗಿಯಾಗಿ ಬರೀಲಿಕ್ಕೆ ಉಂಟು. ಆರು ವಿಷಯ ಒಟ್ಟಿಗೆ ನೋಡ್ಬೇಡಿ, ಹೆದರಿಕೆ ಆಗ್ತದೆ. ಬರುವುದನ್ನು ಮೊದಲು ಬರೀರಿ."

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಕಿವಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ದ್ಯುತಿಸಂಶ್ಲೇಷಣೆ ಎಂಬುದನ್ನು ಎಷ್ಟು ಸಲ ಕೇಳಿದ್ದೆನೋ! ಬರೆದು ನೋಡಿದರೆ ಗುರುತೇ ಇಲ್ಲದ ನೆಂಟರ ಹಾಗೆ ಕಂಡಿತು. ಒದ್ದೆ ಆರಿದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ದಿನಕ್ಕೆ ಒಂದೇ ಪಾಠ. ಶನಿವಾರ ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ ನೋಡಿಕೊಂಡು.

ಗಣಿತ ಮಾತ್ರ ಗೋಡೆ ದಾಟಿ ಬರುತ್ತಿರಲಿಲ್ಲ. ಮಾತು ಕೇಳುತ್ತಿತ್ತು, ಬೋರ್ಡು ಕಾಣಬೇಕಲ್ಲ? ಕೊನೆಗೆ ಗಣಿತದ ಸರ್ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡರು. ಜೊತೆಯ ಅಡುಗೆಯವಳು, "ನೀವು ಹೋಗಿ ಮಾರಾಯ್ರೆ, ಅನ್ನ ನಾನು ನೋಡ್ತೇನೆ" ಎಂದಳು. ಮಕ್ಕಳು ಸರಿದು ಜಾಗ ಕೊಟ್ಟರು. ಗೋಡೆಯ ಆ ಕಡೆಯಿಂದ ಸೌಟಿನ ಸದ್ದು ಬರುತ್ತಿತ್ತು. ಅಲ್ಲಿ ಸಾಂಬಾರು ತಿರುವುತ್ತಿರುವವಳೇ ನಾನು, ಇಲ್ಲಿ ಕುಳಿತವಳು ಬೇರೆ ಯಾರೋ ಎಂದು ಅನಿಸುತ್ತಿತ್ತು. ಸರ್ ನನ್ನ ಹೆಸರು ಕೂಗಿದಾಗ ಬೆಚ್ಚಿಬಿದ್ದೆ.

ಬೆಳ್ತಂಗಡಿಯಲ್ಲಿ ಪರೀಕ್ಷೆ ಬರೆದೆ. ಐದು ವಿಷಯ ಪಾಸಾಯಿತು, ಗಣಿತ ಹೋಯಿತು. ಫಲಿತಾಂಶ ಬಂದ ದಿನ ತೆಂಗಿನಕಾಯಿ ತುರಿಯುತ್ತಾ ಕುಳಿತಿದ್ದೆ. ಟೀಚರ್ ಪಕ್ಕಕ್ಕೆ ಬಂದು ಕುಳಿತರು.

"ಆರು ಇತ್ತಲ್ಲ ಅಕ್ಕ, ಈಗ ಒಂದೇ ಉಂಟು. ಅದನ್ನೇ ಹಿಡಿಯುವ."

ಒಂದನ್ನೇ ಹಿಡಿದೆ. ಸುಲಭದ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುವುದು, ಬಾರದ್ದನ್ನು ಕಡೆಗೆ ಇಟ್ಟುಕೊಳ್ಳುವುದು, ಸರ್ ಹೇಳಿದ್ದು ಇಷ್ಟೇ. ಎರಡನೆಯ ಸಲ ಪಾಸಾದೆ.

ಅಂಕಪಟ್ಟಿ ತರಲು ಬೆಳ್ತಂಗಡಿಗೆ ಹೋದವಳು, ವಾಪಸು ಬರುವಾಗ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅದನ್ನು ನೋಡುತ್ತಲೇ ಬಂದೆ. ನನ್ನ ಹೆಸರಿನ ಮೇಲೆ ಮರಗಳ ನೆರಳು ಹಾದುಹೋಗುತ್ತಿತ್ತು.

"ಅಕ್ಕ, ನಿಮ್ಮ ಸ್ಟಾಪ್ ಆಗ್ಲೇ ಹೋಯ್ತಲ್ಲ!" ಎಂದ ಕಂಡಕ್ಟರ್.

"ಹೋಗ್ಲಿ, ಮುಂದೆ ಇಳೀತೇನೆ."

ವೇಣೂರಿನಲ್ಲಿ ಇಳಿದೆ. ಹಿಂದಕ್ಕೆ ಹೋಗುವ ಬಸ್ಸು ಬರುವವರೆಗೆ, ಆರೂ ವಿಷಯಗಳ ಹೆಸರನ್ನು ಒಂದೊಂದಾಗಿ ಓದಿಕೊಂಡೆ.