ಒಂದು ಸೈಜು ದೊಡ್ಡ ಶೂ

ಯಾವ ಮಗು ಸಿಕ್ಕರೂ ನೋಮ್ಸಾ ಮೊದಲು ಮಂಡಿಯೂರಿ, ಅದರ ಶೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒಳಗೆ ಕಾಲ್ಬೆರಳು ಸಿಕ್ಕರೆ ಸರಿ. ಖಾಲಿ ಜಾಗ ಸಿಕ್ಕಿತೋ, ತಾಯಿಗೆ ಮಂಗಳಾರತಿ. ನನಗೂ ಆಯಿತು. ಬೆಳೆಯೋ ಮಗು ಅಂತ ಮಗಳು ಸುಮಾಗೆ ಒಂದು ಸೈಜು ದೊಡ್ಡ ಶೂ ತಂದು, ತುದಿಗೆ ಹತ್ತಿ ತುರುಕಿದ್ದೆ. ಮಂಡ್ಯದಲ್ಲಿ ನಾನು ಬೆಳೆದದ್ದೂ ಹಾಗೇ.

"ಹತ್ತಿ ನಿನ್ನ ಕಿವಿಗೆ ಇಟ್ಕೋ. ಮಗೂಗೆ ಅಳತೆ ಶೂ ಕೊಡಿಸು," ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ನಾನೇ ಹೋದೆ, ಬೇರೆ ಗತಿ ಇರಲಿಲ್ಲ.

ಅಮೆರಿಕದ ಮಿಲ್ಪಿಟಾಸಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಅವರು ಡೇಕೇರು ನಡೆಸುತ್ತಿದ್ದರು. ದಕ್ಷಿಣ ಆಫ್ರಿಕಾದವರು, ಕಪ್ಪು ಜನರನ್ನು ಬೇರೆಯಾಗಿಟ್ಟಿದ್ದ ಬಡಾವಣೆಯಲ್ಲಿ ಹುಟ್ಟಿದವರು. ಡಾಟ್‌ಕಾಂ ಭರಾಟೆಯ ಕಾಲ. ನನ್ನ ಗಂಡ ಬೆಳಿಗ್ಗೆ ಫ್ರೀವೇ ಹತ್ತಿದರೆ ಕತ್ತಲಾದ ಮೇಲೇ ಬರುವುದು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬಾರದು. ಗೋಡೆ ನೋಡೀ ನೋಡೀ ತಲೆ ಕೆಟ್ಟಾಗ ಸುಮಾಳನ್ನು ಎತ್ತಿಕೊಂಡು ಕೆಳಗಿಳಿಯುತ್ತಿದ್ದೆ.

"ಬಂದೆಯಾ ಕೈದಿ? ಬಾ, ನಾನೂ ಒಳಗೇ ಇದ್ದೀನಿ," ಅಂತ ಬಾಗಿಲು ತೆಗೆಯುತ್ತಿದ್ದರು. ನಮ್ಮಿಬ್ಬರದೂ ಹರುಕು ಇಂಗ್ಲಿಷು. ಈಗ ನೆನೆದರೆ ಅವರು ಕನ್ನಡದಲ್ಲೇ ಮಾತಾಡಿದ ಹಾಗೆ ಕೇಳಿಸುತ್ತದೆ.

ಒಂದು ದಿನ ಅವರ ಊರಿನಿಂದ ಕಾಗದ ಬಂತು. ವರ್ಣಭೇದದ ಸರ್ಕಾರ ಹೋಗಿ, ಆ ಕಾಲದ ಸಾವುಗಳ ವಿಚಾರಣೆ ನಡೆದಿತ್ತು. ಅವರ ತಮ್ಮ ಸಿಫೋ ಸತ್ತದ್ದನ್ನು ಹತ್ತಿರದಿಂದ ನೋಡಿದವರು ನೋಮ್ಸಾ ಒಬ್ಬರೇ. ಬಂದು ಹೇಳಬೇಕಂತೆ. ಮಕ್ಕಳೆಲ್ಲ ಮಲಗಿದ್ದಾಗ ನನಗೆ ಹೇಳಿದರು.

"ಸ್ಕೂಲಲ್ಲಿ ಬಿಳಿಯರ ಭಾಷೇಲೇ ಪಾಠ ಅಂದ್ರು. ಬೇಡ ಅಂತ ಮಕ್ಕಳೆಲ್ಲ ಹಾಡ್ಕೊಂಡು ಬೀದಿಗೆ ಬಂದ್ವಿ. ಪೊಲೀಸರು ನಾಯಿ ಬಿಟ್ರು, ಆಮೇಲೆ ಗುಂಡು ಹೊಡೆದ್ರು. ಸಿಫೋ ಕೈ ಹಿಡ್ಕೊಂಡು ಓಡಿದೆ. ಅವನ ಕಾಲಲ್ಲಿದ್ದದ್ದು ನನ್ನ ಹಳೇ ಶೂ. ಹೇಗೂ ಬೆಳೀತಾನಲ್ಲ ಅಂತ ನಾನೇ ಪೇಪರು ತುರುಕಿ ಹಾಕಿಸಿದ್ದೆ. ಒಂದು ಕಳಚಿ ಬಿತ್ತು. ಕೈ ಕಿತ್ಕೊಂಡು ವಾಪಸ್ ಹೋಗಿ ಬಗ್ಗಿದ."

ಹುಡುಗ ಕಲ್ಲು ಎತ್ತಲು ಬಗ್ಗಿದ, ಅದಕ್ಕೇ ಹೊಡೆದೆವು ಅಂತ ಪೊಲೀಸರು ಬರೆದುಕೊಂಡಿದ್ದರು. ಸಿಫೋಗೆ ಆಗ ಹನ್ನೊಂದು ವರ್ಷ. ನನಗೆ ಸುಮಾಳ ಕಾಲಿನ ಕಡೆ ನೋಡಲೂ ಆಗಲಿಲ್ಲ. ಅವತ್ತು ರಾತ್ರಿಯೇ ಗಂಡನ ಕಾರಿನಲ್ಲಿ ಹೋಗಿ ಅಳತೆಯ ಶೂ ತಂದೆ.

ನೋಮ್ಸಾ ಹೊರಡುವವರೇ ಇದ್ದರು. ಆದರೆ ಇಲ್ಲೇ ಉಳಿಯಲು ಬೇಕಾದ ಅವರ ಪೇಪರು ಇನ್ನೂ ಆಗಿರಲಿಲ್ಲ, ದೇಶ ಬಿಟ್ಟರೆ ವಾಪಸ್ ಬಿಡುವುದಿಲ್ಲ ಅಂದುಬಿಟ್ಟ ವಕೀಲ. ಅವರ ಮಗಳು ಇಲ್ಲಿ ಹೈಸ್ಕೂಲಿನಲ್ಲಿದ್ದಳು.

"ಹೋಗಿ ಬನ್ನಿ, ಮಗಳನ್ನ ನಾನು ನೋಡ್ಕೋತೀನಿ," ಅಂದೆ.

"ನೀನೇ ವೀಸಾಗೆ ಜೋತುಬಿದ್ದಿದ್ದೀಯ, ತಾಯಿ," ಅಂತ ನಕ್ಕರು. ಆ ನಗು ನೋಡಿ ನನಗೆ ಅಳು ಬಂತು.

ಕೊನೆಗೆ ಬರೆದೇ ಕಳಿಸುವುದೆಂದಾಯಿತು. ಅವರು ಹೇಳಿದರು, ನಾನು ಬರೆದೆ. ಶೂ ಎತ್ತಲು ಬಗ್ಗಿದ ಅನ್ನುವುದನ್ನು ಮೂರು ಸಲ ಬರೆಸಿದರು. ಕಾಗದ ತಲುಪಿದೆ ಅಂತ ಒಂದು ಸಾಲಿನ ಉತ್ತರ ಬಂತು. ದಾಖಲೆಯಲ್ಲಿ ಕಲ್ಲು ಹೋಗಿ ಶೂ ಬಂತೋ ಇಲ್ಲವೋ, ಯಾರೂ ತಿಳಿಸಲಿಲ್ಲ. ದಿನಾ ಟಪಾಲು ಡಬ್ಬಿ ತೆಗೆದು ನೋಡುವುದು ಮಾತ್ರ ಅವರು ಬಿಡಲಿಲ್ಲ.

ಮುಂದೆ ಕಂಪನಿಗಳು ಮಗುಚಿಕೊಂಡವು, ನನ್ನ ಗಂಡನ ಕೆಲಸವೂ ಹೋಯಿತು. ನಾವು ಊರಿಗೆ ಹೊರಟ ದಿನ ನೋಮ್ಸಾ ಪಾರ್ಕಿಂಗ್ ಲಾಟಿಗೆ ಬಂದರು. ನನ್ನನ್ನು ಮಾತಾಡಿಸುವ ಮೊದಲೇ ಸುಮಾಳ ಮುಂದೆ ಮಂಡಿಯೂರಿ ಶೂ ತುದಿ ಒತ್ತಿದರು. ಬೆರಳು ಸಿಕ್ಕಿತು. ದಾರ ಬಿಚ್ಚಿ, ಮತ್ತೆ ಬಿಗಿಯಾಗಿ ಎರಡು ಗಂಟು ಹಾಕಿದರು.

"ಆ ಗೇಟಿನ ತನಕ ಓಡು ನೋಡೋಣ," ಅಂದರು.

ಸುಮಾ ಓಡಿದಳು. ಗೇಟು ಮುಟ್ಟಿ, ಎರಡೂ ಶೂ ಕಾಲಲ್ಲೇ ಇಟ್ಟುಕೊಂಡು ವಾಪಸ್ ಓಡಿ ಬಂದಳು. ನೋಮ್ಸಾ ನೆಲದಿಂದ ಏಳಲಿಲ್ಲ.

"ಇನ್ನೊಂದ್ಸಲ," ಅಂದರು.